ಹ್ಯಾಮ್‌ಟ್ರಾಮಿಕ್‌ನಲ್ಲಿ ಕೂಗು ಆದಾಗ

ಹೋದ ವಾರ ಮಗಳಿಗೆ ಕಾರು ಕಲಿಸುವ ನೆಪದಲ್ಲಿ ಹ್ಯಾಮ್‌ಟ್ರಾಮಿಕ್‌ಗೆ ಹೋಗಿದ್ದೆ. ಹದಿನೈದು ತುಂಬಿದ ಮಕ್ಕಳ ಕೈಗೆ ಸ್ಟಿಯರಿಂಗ್ ಕೊಡುವ ದೇಶ ಇದು. ನಾನು ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ, ನಾವೀಗ ಇರುವ ಕ್ಯಾಂಟನ್‌ನಿಂದ ಅಲ್ಲಿಯವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಇಳಿಯಬೇಕಾದ ಎಕ್ಸಿಟ್ ಪಲ್ಲವಿ ತಪ್ಪಿಸಿದಳು, ಮುಂದಿನದರಲ್ಲಿ ಇಳಿದೆವು. ಹಳೆಯ ಬೀದಿಗೆ ಬಂದಾಗ ಕಿಟಕಿ ಇಳಿಸಿದ್ದಳು. ಮೂಲೆಯ ವರ್ಕ್‌ಶಾಪಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಆ ವಾಸನೆ ಬಂತು.

“ಮಾಮ್, ವಾಟ್ಸ್ ದಟ್ ಸ್ಮೆಲ್?” ಎಂದಳು ಮೂಗು ಮುಚ್ಚಿಕೊಂಡು.

“ಕಟಿಂಗ್ ಆಯಿಲ್, ಕಬ್ಬಿಣ ಕೊರೆಯುವಾಗ ಹಾಕೋ ಎಣ್ಣೆ. ನಿಮ್ಮಪ್ಪನ ಶರ್ಟಿನ ವಾಸನೆ” ಎಂದೆ.

ಅವಳು ಮೂಗಿನಿಂದ ಕೈ ತೆಗೆದಳು. ನಾನು ಮುಂದೆ ಹೋಗು ಎಂದೆ. ಅಲ್ಲಿ ಇಳಿಯುವ ಧೈರ್ಯ ನನಗೆ ಆಗಲಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ನಾವು ಆ ಬೀದಿಯಲ್ಲಿದ್ದೆವು. ಹ್ಯಾಮ್‌ಟ್ರಾಮಿಕ್ ಅಂದರೆ ಡೆಟ್ರಾಯಿಟ್‌ನ ಹೊಟ್ಟೆಯೊಳಗೆ ಕೂತಿರುವ ಪುಟ್ಟ ಊರು. ಕಾರು ಕಾರ್ಖಾನೆಗಳು, ಅವುಗಳಿಗೆ ತಗಡು ಒತ್ತಿಕೊಡುವ ಸಣ್ಣ ಸಣ್ಣ ಶಾಪುಗಳು, ಒಂದಕ್ಕೊಂದು ಮೈತಾಗಿಸಿಕೊಂಡು ನಿಂತ ಎರಡಂತಸ್ತಿನ ಮರದ ಮನೆಗಳು. ಮನೆಗಳ ಹಿಂದೆ ಉದ್ದಕ್ಕೂ ಒಂದು ಹಿಂಬದಿ ಗಲ್ಲಿ, ಗಲ್ಲಿಯ ಎರಡೂ ಕಡೆ ಹಳೆಯ ಗ್ಯಾರೇಜುಗಳು. ರಾಚೆಸ್ಟರ್ ಹಿಲ್ಸ್ ಎಂಬ ಉಳ್ಳವರ ಊರಿನ ಕಡೆಯ ನಮ್ಮ ಕನ್ನಡದವರು ಡಾಕ್ಟರುಗಳು, ಇಂಜಿನಿಯರುಗಳು. “ಅಯ್ಯೋ, ಅಲ್ಲೆಲ್ಲಾ ಯಾರಾದ್ರೂ ಇರ್ತಾರೇನ್ರೀ?” ಎಂದು ಸಂಕ್ರಾಂತಿ ಪಾರ್ಟಿಯಲ್ಲಿ ಕೇಳಿದ್ದರು. ಬಾಡಿಗೆ ಕಡಿಮೆ ಇದ್ದ ಕಡೆ ನಾವು ಇದ್ದೆವು, ಅಷ್ಟೇ. ನನ್ನ ಗಂಡ ಮಂಜುನಾಥ ದಾವಣಗೆರೆಯಲ್ಲಿ ಡಿಪ್ಲೊಮಾ ಮಾಡಿ, ತಗಡು ಒತ್ತುವ ಅಚ್ಚು, ಅಂದರೆ ಡೈ, ಮಾಡುವ ಕೆಲಸ ಕಲಿತು, ಗಲ್ಫ್ ಸುತ್ತಿ ಇಲ್ಲಿಗೆ ಬಂದವರು. ಮನೆಯಿಂದ ನಡೆದುಹೋಗುವ ದೂರದಲ್ಲಿ ಒಂದು ಶಾಪಿನ ಟೂಲ್‌ರೂಮಿನಲ್ಲಿ ಕೆಲಸ. ಕೆಳಗಿನ ಮನೆಯಲ್ಲಿ ಮನೆಯ ಮಾಲಕಿ ಹೆಲೆನ್, ಪೋಲೆಂಡಿನ ಮುದುಕಿ. ಮೇಲೆ ನಾವು. ಪಲ್ಲವಿಗೆ ಆಗ ನಾಲ್ಕು ವರ್ಷ.

ಆ ವರ್ಷ ಹಿಮ ಕರಗುತ್ತಿದ್ದಂತೆ ಅತ್ತೆ ನೀಲಮ್ಮ ಬಂದರು. ನಾನು ಮೈಸೂರಿನವಳು, ಅವರು ದಾವಣಗೆರೆಯವರು. ನನ್ನ ಸಾರು ಅವರಿಗೆ ಸಪ್ಪೆ, ಅವರ ಚಟ್ನಿ ನನಗೆ ಬೆಂಕಿ. ನನ್ನ ಮಾವ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಅತ್ತೆ ಮದುವೆಯಾಗಿ ಬಂದಾಗಿನಿಂದ ಗಿರಣಿಯ ಸೈರನ್ನಿನ ಕೂಗಿಗೆ ತಕ್ಕಂತೆ ಬದುಕಿದವರು. ಕೂಗು ಆದರೆ ಏಳಬೇಕು, ಕೂಗು ಆದರೆ ಊಟದ ಡಬ್ಬಿ ಹಿಡಿದು ಗಿರಣಿಯ ಗೇಟಿಗೆ ಓಡಬೇಕು, ಬಿಸಿ ಆರಬಾರದು. ಮನೆಯಲ್ಲಿ ಗಡಿಯಾರ ಇತ್ತಂತೆ, ಯಾರೂ ಅದಕ್ಕೆ ಕೀಲಿ ಕೊಡುತ್ತಿರಲಿಲ್ಲ.

ಇಲ್ಲಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಸುಂಟರಗಾಳಿಯ ಸೈರನ್ ಪರೀಕ್ಷೆ ಮಾಡುತ್ತಾರೆ. ಹೊಸದಾಗಿ ಬಂದಾಗ ನಾನೂ ಎದೆ ಹಿಡಿದುಕೊಂಡಿದ್ದೆ. ಆಮೇಲೆ ರೂಢಿಯಾಗಿ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೆ. ಅತ್ತೆ ಬಂದ ಮೇಲಿನ ಮೊದಲ ಶನಿವಾರ ಅದು ಕೂಗಿತು. ಅವರು ರೊಟ್ಟಿ ತಟ್ಟುತ್ತಿದ್ದವರು ತಟ್ಟನೆ ಕೈ ತೊಳೆದು ಎದ್ದರು. ಡಬ್ಬಿಗೆ ಎರಡು ರೊಟ್ಟಿ, ಎಣ್ಣೆಗಾಯಿ, ಮೊಸರು ಹಾಕಿದರು.

“ಎಲ್ಲಿಗೆ ಅತ್ತೆ?”

“ಕೂಗು ಆತಲ್ಲ. ಮಂಜಗೆ ಡಬ್ಬಿ ಕೊಟ್ಟು ಬರ್ತೀನಿ.”

ನಾನು ನಕ್ಕು ಸಾಕಾಗಿ, ಅದು ಗಾಳಿಯ ಸೈರನ್, ಗಾಳಿ ಬರುವ ಮುಂಚೆ ಎಚ್ಚರಿಸಲು ಇಟ್ಟಿದ್ದಾರೆ, ಕೇಳಿದರೆ ನೆಲಮಾಳಿಗೆಗೆ ಇಳಿಯಬೇಕು ಎಂದು ವಿವರಿಸಿದೆ. ಹೆಲೆನ್ ಕೂಡ ಕೈ ಬಾಯಿ ತಿರುಗಿಸಿ, ಬೇಸ್‌ಮೆಂಟ್ ತೋರಿಸಿ ಹೇಳಿದಳು. ಅತ್ತೆ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದರು.

“ಗಾಳಿಗೆ ಯಾರರ ಕೂಗು ಇಡ್ತಾರೇನು? ಗಾಳಿ ತಾನ ಕೂಗ್ಕೋತ ಬರ್ತೈತಿ” ಎಂದರು. ಹಿಂದಿನ ಮೆಟ್ಟಿಲು ಇಳಿದು, ಗಲ್ಲಿ ಹಿಡಿದು, ಶಾಪಿನ ಹಿಂದಿನ ಗೇಟಿಗೆ ಹೋಗೇಬಿಟ್ಟರು.

ಶನಿವಾರ ಓವರ್‌ಟೈಮ್ ಇರುತ್ತಿತ್ತು. ಇಳಕಲ್ ಸೀರೆ ಉಟ್ಟು, ಮೇಲೆ ಮಗನ ಹಳೆಯ ಜಾಕೆಟ್ ಹಾಕಿಕೊಂಡ ಮುದುಕಿ ಗೇಟಿನಲ್ಲಿ ನಿಂತಿದ್ದನ್ನು ಕಂಡು ಶಾಪಿನವರೆಲ್ಲ ಹೊರಗೆ ಬಂದರಂತೆ. ಮಂಜು ಅಲ್ಲೇ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತು ಉಂಡರಂತೆ. ಫೋರ್‌ಮನ್ ರೇ ಎನ್ನುವವನು ಎಣ್ಣೆಗಾಯಿ ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡನಂತೆ. ಸಂಜೆ ನಾನು, “ಸರಿಯಾಗಿ ಹೇಳಿ ಅವರಿಗೆ, ಹೀಗೆ ಹೊರಗೆ ಹೋಗಬಾರದು ಅಂತ” ಎಂದರೆ ಮಂಜು, “ಬಿಡೇ, ತಿಂಗಳಿಗೊಂದು ಸಲ. ಅಪ್ಪ ಉಣ್ತಿದ್ದಂಗೆ ಉಂಡೆ ಇವತ್ತು” ಎಂದರು. ಆಮೇಲೆ ಅದು ಮನೆಯ ಹಬ್ಬವೇ ಆಯಿತು. ಮೊದಲ ಶನಿವಾರ ಬಂತೆಂದರೆ ಅತ್ತೆ ಬೆಳಿಗ್ಗೆಯಿಂದಲೇ ತಯಾರಿ. ಜೋಳದ ಹಿಟ್ಟು ನಜೀರ್ ಅಂಕಲ್ ಅಂಗಡಿಯದು. ನಜೀರ್ ಅಂಕಲ್ ನಮ್ಮ ಬೀದಿಯ ಕೊನೆಯಲ್ಲಿ ದಿನಸಿ ಅಂಗಡಿ ಇಟ್ಟವರು, ದಾವಣಗೆರೆಯವರೇ. ತಿಂಗಳಿಗೊಮ್ಮೆ ವ್ಯಾನು ತೆಗೆದುಕೊಂಡು ಶಿಕಾಗೋದಲ್ಲಿ ಇಂಡಿಯನ್ ಅಂಗಡಿಗಳಿರುವ ಡೆವನ್ ಬೀದಿಗೆ ಹೋಗಿ ಸಾಮಾನು ತರುತ್ತಿದ್ದರು. ಅವರ ತಂದೆಯೂ ಅದೇ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಅತ್ತೆಯ ಹುಚ್ಚನ್ನು ಅರ್ಥಮಾಡಿಕೊಂಡವರು ಅಮೆರಿಕಾದಲ್ಲಿ ಅವರೊಬ್ಬರೇ.

ಜುಲೈ ನಾಲ್ಕರ ರಜೆ ಹತ್ತಿರ ಬಂದಿತ್ತು. ಬೆಳಗಿನಿಂದ ಸೆಕೆ, ತೊಂಬತ್ತರ ಮೇಲೆ ಫ್ಯಾರನ್‌ಹೀಟ್. ರಜೆಗೆ ಮುಂಚೆ ಮುಗಿಸಬೇಕಾದ ಕೆಲಸವಿದೆ, ಸಂಜೆ ತಡವಾಗುತ್ತದೆ ಎಂದು ಮಂಜು ಹೇಳಿ ಹೋಗಿದ್ದರು. ಸಂಜೆಯ ಹೊತ್ತಿಗೆ ಆಕಾಶ ಪಾಚಿಯ ಬಣ್ಣಕ್ಕೆ ತಿರುಗಿತು. ನಾನು ಪಲ್ಲವಿಯನ್ನು ಕರೆದುಕೊಂಡು ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹೆಲೆನ್ ಅಲ್ಲೇ ರೇಡಿಯೊ ಹಚ್ಚಿಕೊಂಡು ಕೂತಿದ್ದಳು. ಸೈರನ್ ಕೂಗಿತು.

ಅದು ಶನಿವಾರವಲ್ಲ ಎಂಬುದು ನನಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದದ್ದೇ ಹಿಂದಿನ ಮೆಟ್ಟಿಲು ಹತ್ತಿ ಮೇಲೆ ಓಡಿದೆ. ಅಡಿಗೆಮನೆಯಲ್ಲಿ ಒಲೆ ಆರಿಸಿತ್ತು. ಹೆಂಚು ಇನ್ನೂ ಕಾದಿತ್ತು. ಡಬ್ಬಿ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಇಳಿದು ಬಂದು ನೋಡಿದರೆ ಗಲ್ಲಿಯ ಕಡೆಯ ಬಾಗಿಲು ಹಾರುಹೊಡೆದಿತ್ತು. ನಾನು ಗಲ್ಲಿಗೆ ಕಾಲಿಡುವಷ್ಟರಲ್ಲಿ ಹೆಲೆನ್ ನನ್ನ ತೋಳು ಹಿಡಿದು ಒಳಗೆಳೆದಳು. ಕೆಳಗೆ ಪಲ್ಲವಿ ಕಿರುಚುತ್ತಿದ್ದಳು.

ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ದಡದಡ ಸದ್ದಾಯಿತು. ಮುಂಬಾಗಿಲಿನಿಂದ ಯಾರೋ ಮೇಲಿನ ಮನೆಗೆ ನುಗ್ಗಿ, ಕೋಣೆಯಿಂದ ಕೋಣೆಗೆ ಓಡಿದರು. “ಅವ್ವಾ! ಅವ್ವಾ!” ಎಂಬ ಕೂಗು ಹಿಂದಿನ ಮೆಟ್ಟಿಲಿನಲ್ಲಿ ಇಳಿದು ಬಂತು. ಬೇಸ್‌ಮೆಂಟಿನ ಬಾಗಿಲಿನಲ್ಲಿ ಮಂಜುವಿನ ಮುಖ ಕಂಡಿತು. ಅಷ್ಟು ದೂರ ಒಂದೇ ಉಸಿರಿಗೆ ಓಡಿ ಬಂದಿದ್ದರು. ಶಾಪಿನ ಮುಂದಿನ ಗೇಟಿನಿಂದ ದೊಡ್ಡ ಬೀದಿ ಹಿಡಿದು ಬಂದಿದ್ದಾರೆ. ಅತ್ತೆ ಅದೇ ಹೊತ್ತಿಗೆ ಗಲ್ಲಿ ಹಿಡಿದು ಹೋಗಿದ್ದಾರೆ.

“ಅವ್ವ ಎಲ್ಲಿ?”

“ಡಬ್ಬಿ ಇಲ್ಲ. ನಿಮ್ಮ ಹತ್ರನೇ ಬಂದಿರ್ಬೇಕು. ಗಲ್ಲಿ ಬಾಗಿಲು ತೆಗ್ದಿತ್ತು. ಈಗ ಹೋಗ್ಬೇಡಿ ರೀ!”

“ನೀವು ಇಲ್ಲೇ ಇರಿ” ಎಂದರು. ಪಲ್ಲವಿಯನ್ನು ಒಂದು ಸಲ ನೋಡಿದರು, ಹೋದರು.

ಸುಂಟರಗಾಳಿ ರೈಲಿನ ಹಾಗೆ ಸದ್ದು ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ರೈಲು ಕೇಳಿಸಲಿಲ್ಲ. ಕಿವಿ ಕಟ್ಟಿತು, ದೀಪ ಹೋಯಿತು, ಮೇಲೆ ನನ್ನ ಸ್ಟೀಲು ಪಾತ್ರೆಗಳು ಉರುಳುವುದು ಕೇಳಿಸಿತು. ಹೆಲೆನ್ ತನ್ನ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಪಲ್ಲವಿ ತನ್ನ ಚಪ್ಪಲಿ ಬೇಕೆಂದು ಹಟ ಮಾಡುತ್ತಿದ್ದಳು. ಆಮೇಲೆ ಎಲ್ಲ ನಿಂತು ಮಳೆ ಮಾತ್ರ ಉಳಿಯಿತು. ಇಷ್ಟೇನಾ ಅನ್ನಿಸಿತು.

ಮುಂದಿನ ಬಾಗಿಲಿನಿಂದ ಹೊರಗೆ ಬಂದೆವು. ನಮ್ಮ ಮನೆ ನಿಂತಿತ್ತು, ಬೀದಿಯ ಕಡೆಯ ಕಿಟಕಿಗಳು ಮಾತ್ರ ಹೋಗಿದ್ದವು. ಎದುರು ಮನೆಗೆ ಮೇಲಂತಸ್ತು ಇರಲಿಲ್ಲ. ಮಂಚವೊಂದು ಹಾಸಿಗೆ ಸಮೇತ ಆಕಾಶಕ್ಕೆ ತೆರೆದುಕೊಂಡಿತ್ತು. ಗಲ್ಲಿ ಎಂಬುದೇ ಉಳಿದಿರಲಿಲ್ಲ, ಗ್ಯಾರೇಜುಗಳು ಒಂದರ ಮೇಲೊಂದು ಮಲಗಿದ್ದವು, ನಡುವೆ ಕರೆಂಟಿನ ತಂತಿಗಳು. ನಾನು ಮಗಳನ್ನು ಎತ್ತಿಕೊಂಡು ನಜೀರ್ ಅಂಕಲ್ ಅಂಗಡಿಗೆ ನಡೆದೆ. ಅವರು ಪಲ್ಲವಿಯನ್ನು ಹೆಂಡತಿಯ ಕೈಗೆ ಕೊಟ್ಟು, ನಾಲ್ಕು ಜನರನ್ನು ಕರೆದುಕೊಂಡು ಗಲ್ಲಿಯ ಕಡೆ ಹೋದರು. ನಾನು ಅಕ್ಕಿ ಮೂಟೆಗಳ ಮೇಲೆ ಕೂತೆ. ಎದುರಿನ ಕಪಾಟಿನಲ್ಲಿ ಉಪ್ಪಿನಕಾಯಿ ಬಾಟಲಿಗಳು ಒಂದೂ ಅಲ್ಲಾಡದೆ ನಿಂತಿದ್ದವು. ಅವನ್ನೇ ನೋಡುತ್ತಿದ್ದೆ.

ನಜೀರ್ ಅಂಕಲ್ ತಿರುಗಿ ಬಂದಾಗ ತೋಳಿನವರೆಗೂ ಕೆಸರಾಗಿತ್ತು. ಹೇಳಬೇಕಾದ್ದನ್ನು ಹೇಳಿದರು. ಮಂಜುವಿನ ಮೇಲೆ ಗ್ಯಾರೇಜಿನ ಗೋಡೆ ಬಿದ್ದಿತ್ತು, ಶಾಪಿನ ಕಡೆ ಅರ್ಧ ದಾರಿ ಹೋಗಿದ್ದರಂತೆ. ಅತ್ತೆ ಶಾಪಿನಲ್ಲೇ ಇದ್ದರು, ಏನೂ ಆಗಿಲ್ಲ, ಈಗಷ್ಟೇ ಮನೆಯ ಕಡೆ ಹೋದರು ಎಂದರು. ನನಗೆ ಅಳು ಬರಲಿಲ್ಲ. ಆ ಬೇಸಿಗೆಯಲ್ಲಿ ಬರಲೇ ಇಲ್ಲ. ಮೈಯೆಲ್ಲ ಜೋಮು ಹಿಡಿದಂತೆ, ಚಿವುಟಿಕೊಂಡರೂ ಬೇರೆ ಯಾರನ್ನೋ ಚಿವುಟಿದಂತೆ ಇತ್ತು.

ನಜೀರ್ ಅಂಕಲ್ ಜೊತೆ ಮನೆಗೆ ನಡೆಯುವಾಗ ನಾನು ಬೇಸ್‌ಮೆಂಟಿನ ಬಾಗಿಲಿನಲ್ಲಿ ನಡೆದದ್ದನ್ನು ಅವರಿಗೆ ಹೇಳಿದೆ. ನಜೀರ್ ಅಂಕಲ್ ನಿಂತುಬಿಟ್ಟರು.

“ನೋಡಮ್ಮ, ಇದು ನಿನ್ನ ಹತ್ರ ಇರ್ಲಿ, ನನ್ನ ಹತ್ರ ಇರ್ಲಿ. ಅವ್ವಗ ಗೊತ್ತಾಗೋದು ಬ್ಯಾಡ. ಕೆಲಸ ಬಿಟ್ಟು ಮನಿಗೆ ಬರ್ತಿದ್ದ, ದಾರ್ಯಾಗ ಆತು ಅನ್ನೋಣ. ತನ್ನ ಹುಡುಕ್ಕೊಂಡು ಹೋಗಿ ಮಗ ಸತ್ತ ಅಂತ ಗೊತ್ತಾದ್ರ ಆಕಿ ಉಳಿಯಂಗಿಲ್ಲ.”

ನಾನು ಹೂಂ ಎಂದೆ. ಆಗ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ. ಆದರೆ ಇದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಗಂಡನನ್ನು ಉಳಿಸಿಕೊಳ್ಳಲಾಗಲಿಲ್ಲ, ಅವರ ತಾಯಿಯನ್ನಾದರೂ ಉಳಿಸಬೇಕಿತ್ತು.

ಮನೆಗೆ ಹೋದಾಗ ಮುಂದಿನ ಕೋಣೆಯ ತುಂಬ ಗಾಜು, ಕಾರ್ಪೆಟ್ಟು ಮಳೆಗೆ ನೆನೆದು ಪಚಪಚ ಎನ್ನುತ್ತಿತ್ತು. ಅತ್ತೆ ಅದರ ಗೊಡವೆಗೇ ಹೋಗದೆ ಅಡಿಗೆಮನೆಯಲ್ಲಿ ಮಂಡಿಯೂರಿ, ನೀರು ಬೀಳದ ನೆಲವನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದರು. ಡಬ್ಬಿ ಮೇಜಿನ ಮೇಲಿತ್ತು. ಗಾಬರಿಯಾದವರು ಕೈಗೆ ಸಿಕ್ಕ ಕೆಲಸ ಮಾಡುತ್ತಾರೆ ಅಂದುಕೊಂಡೆ. ನಮ್ಮ ಸದ್ದು ಕೇಳಿ ಅವರು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದರು.

“ಮಂಜ?” ಎಂದರು.

ನಜೀರ್ ಅಂಕಲ್ ಅವರನ್ನು ಕೂರಿಸಿ, ನಾವು ಮಾತಾಡಿಕೊಂಡ ಹಾಗೆಯೇ ಹೇಳಿದರು. ಕೆಲಸ ಬಿಟ್ಟು ಬರ್ತಿದ್ದ, ಮನೆ ಮುಟ್ಟಲಿಲ್ಲ ಎಂದರು. ಅತ್ತೆ ನನ್ನ ಮುಖ ನೋಡಿದರು.

“ಮನಿ ಮುಟ್ಟಲಿಲ್ಲೇನು?”

“ಇಲ್ಲ ಅತ್ತೆ” ಎಂದೆ.

ಅವರು ತಲೆ ಆಡಿಸಿದರು. ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಅವರ ಕಡೆಯ ಹೆಂಗಸರು ಸಾವಿಗೆ ಹಾಡಿ ಹಾಡಿ ಅಳುತ್ತಾರೆ ಎಂದು ಕೇಳಿದ್ದೆ. ಹಾಗೆ ಅತ್ತಿದ್ದರೆ ನನಗೂ ಒಂದು ದಾರಿ ಸಿಗುತ್ತಿತ್ತೇನೋ.

ನಮ್ಮದು ಹೂಳುವ ಪದ್ಧತಿ. ರಾಚೆಸ್ಟರ್ ಹಿಲ್ಸ್‌ನವರಿಗೆ ಅದು ವಿಚಿತ್ರವಾಗಿ ಕಂಡಿತು. “ಇಲ್ಲೇ ಮಣ್ಣು ಮಾಡ್ತೀರಾ?” ಎಂದು ಒಬ್ಬ ಆಂಟಿ ಎರಡು ಸಲ ಕೇಳಿದರು. ಇನ್ನೆಲ್ಲಿ ಮಾಡುವುದು? ಆದರೂ ಒಳ್ಳೆಯ ಜನ. ಅಲ್ಯೂಮಿನಿಯಮ್ ಟ್ರೇಗಳಲ್ಲಿ ಚಿತ್ರಾನ್ನ, ಪಲ್ಯ ತಂದರು, ಕಿಟಕಿಗೆ ಹಲಗೆ ಹೊಡೆಸಿದರು. ನಮ್ಮ ಬೀದಿಯನ್ನು ಮೊದಲ ಸಲ ನೋಡಿದರು. ಕೇಳಿದವರಿಗೆಲ್ಲ ನಜೀರ್ ಅಂಕಲ್ ಒಂದೇ ಕಥೆ ಹೇಳಿದರು. ಅದು ಎಷ್ಟು ಬಾಯಿಗಳಿಂದ ಬಂತೆಂದರೆ ನನಗೇ ಅದು ನಿಜವಿರಬಹುದು ಅನ್ನಿಸುತ್ತಿತ್ತು.

ಹೆದರಿಕೆಯಾದದ್ದು ರೇ ಬಂದ ದಿನ. ಟೋಪಿ ತೆಗೆದು ಸೋಫಾದ ಅಂಚಿನಲ್ಲಿ ಕೂತ. ಅತ್ತೆ ಎದುರಿಗೇ ಬಂದು ಕೂತರು. ಗಾಳಿಯ ದಿನ ಗೇಟಿನಲ್ಲಿ ನಿಂತಿದ್ದ ಅವರನ್ನು ಎತ್ತಿಕೊಂಡಂತೆ ಒಳಗೆ ತಂದು, ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಕೆಳಗಿನ ಗುಂಡಿಗೆ ಇಳಿಸಿ, ಮೇಲೆ ತಾನು ಬಗ್ಗಿ ಕೂತಿದ್ದವನು ಇವನೇ. ರೇ ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: ಸೈರನ್ ಶುರುವಾದದ್ದೇ ಮಂಜು ಕೈಯಲ್ಲಿದ್ದದ್ದನ್ನು ಬಿಸಾಡಿದ, ಅಮ್ಮ ಹೊರಗೆ ಬಂದುಬಿಡ್ತಾಳೆ ಎಂದ, ಓಡಿದ. ನಾನು ಹಿಡಿದೆ, ಕೊಸರಿಕೊಂಡ. ಈ ತಾಯಿ ಬಂದು ಕೇಳಿದಾಗ ನಾನು ಹೋಮ್, ಹೋಮ್ ಎಂದೆ.

“ಏನಂತಾನ?” ಎಂದರು ಅತ್ತೆ.

“ಒಳ್ಳೆ ಕೆಲಸಗಾರ ಆಗಿದ್ರು ಅಂತಾರೆ” ಎಂದೆ.

“ಅಷ್ಟು ಮಾತಿಗೆ ಇಷ್ಟ ಹೊತ್ತು ಬೇಕಾತ?” ಎಂದರು. ಮುಂದೆ ಕೇಳಲಿಲ್ಲ. ಎದ್ದು ಹೋಗಿ ರೇಗೆ ಚಹಾ ತಂದರು, ಡಬ್ಬಿಯಲ್ಲಿ ಚಟ್ನಿಪುಡಿ ಕಟ್ಟಿಕೊಟ್ಟರು. ಅವನು ಅಳುತ್ತಾ ತೆಗೆದುಕೊಂಡು ಹೋದ. ನಮ್ಮ ಮನೆಯಲ್ಲಿ ಅತ್ತವನು ಅವನೊಬ್ಬನೇ.

ಆಗಸ್ಟ್ ಬಂತು. ಮೊದಲ ಶನಿವಾರ ಸೈರನ್ ಕೂಗಿದಾಗ ಅತ್ತೆ ಎದ್ದು ನಿಂತರು. ನಿಂತ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಜು ಹಿಡಿದುಕೊಂಡು, ಕೂಗು ಮುಗಿಯುವ ತನಕ ಹಾಗೇ ಇದ್ದರು. ನಾನು ಬಟ್ಟೆ ಮಡಚುತ್ತಿದ್ದೆ, ಮಡಚುತ್ತಲೇ ಇದ್ದೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ಆ ಬೇಸಿಗೆ ಕಳೆದೆವು. ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಮಗನನ್ನು ನುಂಗಿದ ಸೊಸೆ ಅಂದುಕೊಂಡಿದ್ದಾರೆ ಎಂದು ನನ್ನ ಎಣಿಕೆ. ಎಲೆ ಉದುರುವ ಕಾಲಕ್ಕೆ ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಪಲ್ಲವಿಯ ತಲೆ ಸವರಿದರು, ನನ್ನ ಕೈ ಹಿಡಿದರು, ಒಳಗೆ ಹೋದರು. ನಾನು ಇಲ್ಲೇ ಉಳಿದೆ. ಮಣ್ಣು ಮಾಡಿದ ಜಾಗವನ್ನು ಬಿಟ್ಟು ಹೋಗಲು ನನಗೆ ಆಗಲಿಲ್ಲ. ಪ್ಲಿಮತ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಕ್ಯಾಂಟನ್‌ಗೆ ಬಂದೆವು.

ಎರಡು ಸಾವಿರದ ನಾಲ್ಕರಲ್ಲಿ ಅತ್ತೆ ಮತ್ತೆ ಬಂದರು. ಮೊಮ್ಮಗಳನ್ನು ನೋಡಬೇಕೆಂದು ತಾವೇ ಕೇಳಿ ಬಂದರು. ಬಹಳ ಸೊರಗಿದ್ದರು, ನಾಲಿಗೆಯ ಖಾರ ಮಾತ್ರ ಹಾಗೇ ಇತ್ತು. ಊರಿನಲ್ಲಿ ಗಿರಣಿ ಮುಚ್ಚಿ ವರ್ಷಗಳಾಗಿದ್ದವು, ಕೂಗಿಲ್ಲದೆ ಹೊತ್ತು ಹೋಗೋದೇ ತಿಳಿಯಲ್ಲ ಎನ್ನುತ್ತಿದ್ದರು. ಮೇ ತಿಂಗಳ ಮೊದಲ ಶನಿವಾರ ನಾವಿಬ್ಬರೂ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆವು. ಸೈರನ್ ಕೂಗಿತು. ಈ ಸಲ ಅತ್ತೆ ಏಳಲಿಲ್ಲ, ಸುಲಿಯುವ ಕೈ ಮಾತ್ರ ನಿಂತಿತು.

ಅದೇ ಹೊತ್ತಿಗೆ ಪಲ್ಲವಿ ಸಾಕರ್ ಆಟದಿಂದ ಬಂದಳು. ಹನ್ನೊಂದರ ಹುಡುಗಿ, ಮೈಯೆಲ್ಲ ಕೆಸರು. ಬಾಗಿಲಲ್ಲಿ ಶೂ ಬಿಚ್ಚದೆ ನೇರವಾಗಿ ಅಡಿಗೆಮನೆಗೆ ನುಗ್ಗಿ ಫ್ರಿಜ್ ತೆರೆದಳು. ನೆಲದ ಮೇಲೆ ಬಾಗಿಲಿನಿಂದ ಫ್ರಿಜ್‌ವರೆಗೂ ಹೆಜ್ಜೆ ಗುರುತು.

“ಪಲ್ಲವಿ! ಅಡಿಗೆಮನೆಗೆ ಶೂ ಹಾಕ್ಕೊಂಡು ಬರ್ತಾರಾ? ಎಷ್ಟು ಸಲ ಹೇಳ್ಬೇಕು?”

“ಸಾರಿ, ಐ ವಾಸ್ ಥರ್ಸ್ಟಿ!” ಎಂದು ಬಾಟಲಿ ಹಿಡಿದು ಓಡಿದಳು.

“ಬೈಬ್ಯಾಡ” ಎಂದರು ಅತ್ತೆ. ನೆಲವನ್ನೇ ನೋಡುತ್ತಿದ್ದರು. “ಅವರಪ್ಪನೂ ಒಂದ ಸಲ ಹಂಗ ಬಂದಿದ್ದ.”

ನನಗೆ ಅರ್ಥವಾಗಲಿಲ್ಲ. ಮಂಜು ಎಂದೂ ಹಾಗೆ ಬಂದವರಲ್ಲ. ಶಾಪಿನ ಬೂಟಿನ ತಳಕ್ಕೆ ಕಟಿಂಗ್ ಆಯಿಲ್, ಕಬ್ಬಿಣದ ಪುಡಿ ಮೆತ್ತಿರುತ್ತಿತ್ತು. ಎಷ್ಟೇ ಸುಸ್ತಾಗಿರಲಿ, ಬಾಗಿಲ ಹೊರಗೇ ಬಿಚ್ಚುತ್ತಿದ್ದರು.

“ಅವತ್ತು. ನಾನು ಶಾಪಿನಿಂದ ಬಂದು ನೋಡಿದ್ರ ಅಡಿಗಿಮನಿ ತುಂಬ ಕರ‍್ರಗ ಬೂಟಿನ ಗುರುತು. ಒಲಿ ಮುಂದ, ನನ್ನ ಹಾಸಿಗಿ ಮುಂದ, ಹಿಂದಿನ ಮೆಟ್ಲ ಮ್ಯಾಲ. ಮನಿಗೆ ಬಂದಿದ್ದ ಅವ. ನನ್ನ ಹುಡುಕಿದ್ದ. ನೀವೆಲ್ಲ ಮನಿ ಮುಟ್ಟಲಿಲ್ಲ ಅಂದ್ರಿ. ಕೆಳಗ ಇದ್ದೀ, ನಿನಗ ಗೊತ್ತಾಗಿಲ್ಲ ಅಂತ ತಿಳಕಂಡೆ. ನನ್ನ ಸಲುವಾಗಿ ಹೋದ ಅಂತ ಗೊತ್ತಾದ್ರ ನೀ ಜೀವನಪೂರ್ತಿ ನನ್ನ ಮುಖ ನೋಡಂಗಿಲ್ಲ ಅನ್ನಿಸ್ತು. ಒರೆಸಿಬಿಟ್ಟೆ.”

ನಾನು ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟೆ. ಏಳು ವರ್ಷ ಅವರಿಂದ ಬಚ್ಚಿಟ್ಟದ್ದನ್ನೇ ಅವರು ಏಳು ವರ್ಷ ನನ್ನಿಂದ ಬಚ್ಚಿಟ್ಟಿದ್ದರು. ಅವರ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಬಂತು.

“ನನಗೆ ಗೊತ್ತಿತ್ತು ಅತ್ತೆ. ಬೇಸ್‌ಮೆಂಟಿನ ಬಾಗಿಲಿಗೆ ಬಂದಿದ್ರು. ನಾನು ಮಾತಾಡಿದೆ.”

ಸೈರನ್ ನಿಂತಿತ್ತು.

“ಏನಂದ?”

“ಅವ್ವ ಎಲ್ಲಿ ಅಂದ್ರು.”

“ನೀ ಏನಂದಿ?”

“ಡಬ್ಬಿ ತಗೊಂಡು ನಿಮ್ಮ ಹತ್ರ ಬಂದಿದ್ದಾರೆ ಅಂದೆ.”

ಅವರು ತಲೆ ಆಡಿಸಿದರು. ಎದ್ದು, ಬಟ್ಟೆ ತಂದು, ಪಲ್ಲವಿಯ ಕೆಸರಿನ ಹೆಜ್ಜೆಗಳ ಮುಂದೆ ಮಂಡಿಯೂರಿ ಕೂತರು. ಒರೆಸಲಿಲ್ಲ. ಬಟ್ಟೆ ಕೈಯಲ್ಲೇ ಇತ್ತು.

“ಅವತ್ತು ಬದನಿಕಾಯಿ ಮಾಡಿದ್ದೆ,” ಎಂದರು. “ಉಂಡಿರಲಿಲ್ಲ ಅವ.”